‘ಜೀರ್ಣ’ವೆಂದು ಹೇಳುವವರು ಯಾರು? : ಮುಂಬಯಿಯ ಚಾಳುಗಳಲ್ಲಿ ದುರಸ್ತಿಯ ವ್ಯಾಜ್ಯ

ಮುಂಬಯಿಯ ಕನ್ನಡಿಗರ ಇತಿಹಾಸವನ್ನು ಕುರಿತು ಈವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಸಂಘಸಂಸ್ಥೆಗಳ, ರಾತ್ರಿಶಾಲೆಗಳ ಹಾಗೂ ಪತ್ರಿಕೆಗಳ ಚರಿತ್ರೆಗಳಾಗಿವೆ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳಿಗೆ ದಾಖಲೆಗಳಿವೆ, ಸ್ಮರಣ ಸಂಚಿಕೆಗಳಿವೆ. ಆದುದರಿಂದ ಸಂಶೋಧಕನ ದೃಷ್ಟಿ ಅತ್ತ ಹೊರಳುವುದು ಸಹಜವೇ ಆಗಿದೆ. ಆದರೆ ಆ ಸಭೆಗಳಿಗೆ ಬಂದು ಕುಳಿತ ಜನರು ರಾತ್ರಿ ಎಲ್ಲಿಗೆ ಹಿಂದಿರುಗುತ್ತಿದ್ದರು, ಆ ಖೋಲಿಯ ಮೇಲೆ ಅವರಿಗಿದ್ದ ಹಕ್ಕು ಎಂತಹುದು, ಅದರ ಮಾಡು ಸೋರಿದಾಗ ಅವರು ಯಾರ ಬಳಿ ದೂರಬೇಕಾಗಿತ್ತು ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಎತ್ತಿಕೊಂಡಿಲ್ಲ. ಗಿರಣಿ, ಬಂದರು, ಹೋಟೆಲುಗಳಲ್ಲಿ ದುಡಿದ ಕನ್ನಡಿಗನ ಬದುಕಿನ ಅರ್ಧಭಾಗ ಈ ಖೋಲಿಯಲ್ಲಿ ಕಳೆದಿದೆ. ಪ್ರಸ್ತುತ ಲೇಖನದಲ್ಲಿ ಬಾಡಿಗೆದಾರನಿಗೂ ಮಾಲಕನಿಗೂ ನಡುವೆ ಕಟ್ಟಡದ ಸುಸ್ಥಿತಿಯನ್ನು ಕುರಿತು ನಡೆದುಬಂದ ವ್ಯಾಜ್ಯದ ಒಂದು ಎಳೆಯನ್ನು ಮಾತ್ರ ಹಿಡಿದು ನೋಡಲು ಯತ್ನಿಸಿದ್ದೇವೆ. ಕಟ್ಟಡ ಅಪಾಯದ ಸ್ಥಿತಿಯಲ್ಲಿದೆ ಎಂಬ ಮಾತನ್ನು ಮೊದಲು ಬಾಡಿಗೆದಾರನು ಆಡುತ್ತಿದ್ದನು, ಮಾಲಕನು ಅಲ್ಲಗಳೆಯುತ್ತಿದ್ದನು. ಅರ್ಧಶತಮಾನ ಕಳೆಯುವಷ್ಟರಲ್ಲಿ ಮಾಲಕನು ಅದೇ ಮಾತನ್ನು ಆಡತೊಡಗಿದನು. ಬಾಡಿಗೆದಾರನು ಕಟ್ಟಡ ಗಟ್ಟಿಯಾಗಿದೆಯೆಂದು ವಾದಿಸತೊಡಗಿದನು. ಈ ಪಲ್ಲಟ ಹೇಗೆ ಸಂಭವಿಸಿತೆಂಬುದೇ ನಮ್ಮ ವಿಷಯ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಾದ ನಮಗೆ ಇಲ್ಲಿ ಎರಡು ಶಬ್ದಗಳು ನೆನಪಾಗುತ್ತವೆ. ಕನ್ನಡದಲ್ಲಿ ಬಾಡಿಗೆದಾರನನ್ನು ಹೊರಹಾಕುವುದಕ್ಕೆ ‘ಒಕ್ಕಲೆಬ್ಬಿಸು’ ಎನ್ನುತ್ತೇವೆ. ಒಕ್ಕಲೆಂದರೆ ಸಂಸಾರವೂ ಹೌದು, ಗೇಣಿಯ ಹಿಡುವಳಿಯೂ ಹೌದು. ಹೊಲಗದ್ದೆಯ ಸಂಬಂಧದಿಂದ ಹುಟ್ಟಿದ ಈ ಮಾತು ನಗರದ ಖೋಲಿಗೂ ಅನ್ವಯವಾದಾಗ, ಮನೆಯಿಂದ ಎಬ್ಬಿಸುವುದೆಂದರೆ ಸಂಸಾರವನ್ನೇ ಬೇರುಸಹಿತ ಕೀಳುವುದು ಎಂಬ ಹಳೆಯ ಅರ್ಥವೂ ಅದರೊಡನೆ ಬಂದಿದೆ. ಎರಡನೆಯದು ನಮ್ಮ ಶಾಸನಗಳಲ್ಲಿ ಪದೇ ಪದೇ ಕಾಣಸಿಗುವ ‘ಖಂಡಸ್ಫುಟಿತ ಜೀರ್ಣೋದ್ಧಾರ’. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಟ್ಟುಕೊಡುವಾಗ, ಒಡೆದು ಬಿರುಕುಬಿಟ್ಟ ಭಾಗಗಳ ದುರಸ್ತಿಗೂ ಆ ಭೂಮಿಯ ಆದಾಯ ಸಲ್ಲಬೇಕೆಂದು ದಾನಿಯು ನಮೂದಿಸುತ್ತಿದ್ದನು. ಕಟ್ಟುವುದರೊಡನೆ ಕಾಪಾಡುವ ಖರ್ಚಿನ ಮೂಲವನ್ನೂ ಗೊತ್ತುಪಡಿಸುವ ಈ ಪದ್ಧತಿ ಇಂದಿನ ಶಾಸನಕಾರರು ಗಮನಿಸಬೇಕಾದುದು. ಮುಂಬಯಿಯ ಚಾಳುಗಳ ವಿಷಯದಲ್ಲಿ ತಪ್ಪಿಹೋದದ್ದು ಇದೇ ಗಂಟು.

ಬಾಡಿಗೆಯ ವ್ಯಾಜ್ಯವಂತೂ ಹೊಸದಲ್ಲ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಮೂರನೆಯ ಅಧಿಕರಣದಲ್ಲಿ ಮನೆಗಳ ವಿವಾದಗಳಿಗೇ ಮೀಸಲಾದ ಭಾಗವಿದೆ. ಬಿಡೆಂದರೂ ಬಿಡದೆ ಉಳಿಯುವ ಬಾಡಿಗೆದಾರನಿಗೂ, ಬಾಡಿಗೆ ಕೊಟ್ಟವನನ್ನು ಹೊರಹಾಕುವ ಮಾಲಕನಿಗೂ ಅಲ್ಲಿ ದಂಡ ವಿಧಿಸಲಾಗಿದೆ. ಬೈಗುಳ, ಕಳವು ಮೊದಲಾದ ಅಪರಾಧಗಳನ್ನು ಮಾಡಿದವನಿಗೆ ಮಾತ್ರ ಈ ರಕ್ಷಣೆಯಿಲ್ಲ. ತಾನಾಗಿ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ತೆರಬೇಕು. ಎರಡೂ ಪಕ್ಷಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಈ ಕ್ರಮವನ್ನು ಇಲ್ಲಿ ಸ್ಮರಿಸಿ ಮುಂದೆ ಸಾಗಬಹುದು.

ಆಧುನಿಕ ಮುಂಬಯಿಯಲ್ಲಿ ಕಟ್ಟಡದ ಮೇಲೆ ‘ವಾಸಕ್ಕೆ ಅಯೋಗ್ಯ’ವೆಂಬ ಮುದ್ರೆ ಮೊದಲು ವ್ಯಾಪಕವಾಗಿ ಬಿದ್ದದ್ದು ರೋಗದ ನಿಮಿತ್ತವಾಗಿ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಪ್ಲೇಗು ಪತ್ತೆಯಾದ ಬಳಿಕ ನಗರಸಭೆಯ ಅಧಿಕಾರಿಗಳು ಮನೆ ಮನೆ ಹೊಕ್ಕರು. ಮಾನವ ವಾಸಕ್ಕೆ ತಕ್ಕುದಲ್ಲವೆಂದು ಕಂಡ ಮನೆಗಳ ಗೋಡೆಯ ಮೇಲೆ ಆ ಇಂಗ್ಲಿಷ್ ಮಾತಿನ ಮೊದಲಕ್ಷರಗಳಾದ ಯು.ಎಚ್.ಎಚ್. ಎಂಬುದನ್ನು ಬರೆಯಿಸಿದರು. ಇದರ ಹಿಂದೆ 1888ರ ಮುನಿಸಿಪಲ್ ಕಾಯಿದೆಯ ಬಲವಿತ್ತು. ಅದರ 354ನೆಯ ಕಲಮು ಬೀಳುವ ಸ್ಥಿತಿಯಲ್ಲಿರುವ ಕಟ್ಟಡವನ್ನು ಕೆಡಹುವಂತೆ, ಭದ್ರಪಡಿಸುವಂತೆ ಇಲ್ಲವೆ ದುರಸ್ತಿ ಮಾಡುವಂತೆ ಲಿಖಿತ ನೋಟೀಸು ಕೊಡುವ ಅಧಿಕಾರವನ್ನು ಕಮಿಷನರನಿಗೆ ನೀಡಿದೆ. ನೋಟೀಸು ಮಾಲಕನಿಗೆ ‘ಅಥವಾ’ ವಾಸವಾಗಿರುವವನಿಗೆ ಎಂದು ಕಾಯಿದೆ ಹೇಳುತ್ತದೆ. ಆ ಒಂದು ‘ಅಥವಾ’ದ ಎರಡು ಬದಿಗಳಲ್ಲಿ ನಿಂತು ಉಭಯರೂ ನೂರು ವರ್ಷಕ್ಕೂ ಮಿಕ್ಕಿ ಕಾದಾಡಿದ್ದಾರೆ. ಪ್ಲೇಗಿನ ಕಾಲದಲ್ಲಿ ಮುದ್ರೆಗೆ ಹೆಚ್ಚು ಅಂಜಿದವನು ಮಾಲಕ. ಅವನಿಗೆ ಪ್ರತಿಯೊಂದು ಖೋಲಿಯೂ ಆದಾಯ, ಬಾಡಿಗೆಗೆ ಮಿತಿಯಿರಲಿಲ್ಲ. ವಾಸಿಯು ಬೇರೆಡೆ ಸುಲಿಗೆಯ ಬಾಡಿಗೆಗೆ ಮತ್ತೊಂದು ಖೋಲಿಯನ್ನು ಹುಡುಕಬೇಕಾಗಿತ್ತು ಎಂಬುದೂ ನಿಜ.

1898ರಲ್ಲಿ ಸ್ಥಾಪನೆಯಾದ ಸುಧಾರಣಾ ಟ್ರಸ್ಟು ಕೊಳಕು ಓಣಿಗಳನ್ನು ಕೆಡಹುವುದರಲ್ಲಿ ತೋರಿದ ವೇಗವನ್ನು ಕಟ್ಟುವುದರಲ್ಲಿ ತೋರಲಿಲ್ಲ. ಮೊದಲನೆಯ ಮಹಾಯುದ್ಧದ ಬಳಿಕ ಗವರ್ನರ್ ಜಾರ್ಜ್ ಲಾಯ್ಡನ ಕಾಲದಲ್ಲಿ ಸರಕಾರವೇ ಚಾಳು ಕಟ್ಟಲು ಹೊರಟಿತು. 1920ರಲ್ಲಿ ಆರಂಭವಾದ ಅಭಿವೃದ್ಧಿ ಇಲಾಖೆ 50,000 ಖೋಲಿಗಳ ಗುರಿಯಿಟ್ಟುಕೊಂಡು, ವರ್ಲಿ, ನಾಯಗಾಂವ್, ಡಿಲೈಲ್ ರಸ್ತೆ ಮತ್ತು ಶಿವಡಿಗಳಲ್ಲಿ 207 ಚಾಳುಗಳನ್ನು, ಸುಮಾರು 16,000 ಖೋಲಿಗಳನ್ನು ಕಟ್ಟಿ ನಿಂತಿತು. ಇಂದಿಗೂ ಜನರ ಬಾಯಲ್ಲಿ ಬಿ.ಡಿ.ಡಿ. ಚಾಳುಗಳೆನಿಸಿಕೊಂಡಿರುವ ಇವುಗಳ ಕಥೆ ಬೇರೆ, ಏಕೆಂದರೆ ಅಲ್ಲಿ ಸರಕಾರವೇ ಮಾಲಕ. ನಮ್ಮ ಗಮನವಿರುವುದು ಖಾಸಗಿ ಚಾಳುಗಳ ಕಡೆಗೆ.

ಈ ಖಾಸಗಿ ಚಾಳುಗಳು ಕೆಡುವ ಬಗೆಯನ್ನು ತಿಳಿಯದೆ ವ್ಯಾಜ್ಯದ ಸ್ವರೂಪ ತಿಳಿಯದು. ಬಹುಪಾಲು ಹಳೆಯ ಚಾಳುಗಳಲ್ಲಿ ಭಾರ ಹೊರುವುದು ಮರದ ಚೌಕಟ್ಟು. ನಡುವೆ ಇಟ್ಟಿಗೆ, ಸುಣ್ಣದ ಗಾರೆ. ಹತ್ತಡಿ ಹನ್ನೆರಡಡಿಯ ಖೋಲಿಗಳ ಸಾಲು, ಮುಂದೆ ಎಲ್ಲರೂ ಓಡಾಡುವ ಮರದ ಪಡಸಾಲೆ, ಸಾಲಿನ ತುದಿಗೆ ಸಾಮೂಹಿಕ ಪಾಯಿಖಾನೆ ಮತ್ತು ನಳ. ಖೋಲಿಯೊಳಗಿನ ಮೋರಿಯಲ್ಲಿ ಪಾತ್ರೆ ಬೆಳಗುವುದು, ಸ್ನಾನ ಮಾಡುವುದು ನಡೆಯುತ್ತದೆ. ನೀರು ಹಾಸುಗಲ್ಲಿನ ಸಂದಿಯಿಂದಿಳಿದು ಅಡ್ಡತೊಲೆಯ ತುದಿಯನ್ನು ಸೇರುತ್ತದೆ. ತೊಲೆಯ ನಡುಭಾಗ ಕಬ್ಬಿಣದಂತಿದ್ದರೂ ಗೋಡೆಯೊಳಗೆ ಹೊಕ್ಕಿರುವ ತುದಿ ಒಳಗೊಳಗೇ ಲಡ್ಡಾಗುತ್ತದೆ. ಆದುದರಿಂದ ಕಟ್ಟಡದ ರೋಗ ಮೊದಲು ಕಾಣಿಸಿಕೊಳ್ಳುವುದು ಪಾಯಿಖಾನೆಯ ಬದಿಯಲ್ಲಿ. ಮಳೆಗಾಲಕ್ಕೆ ಮುನ್ನ ಮರದ ಟೇಕುಗಳನ್ನು ಕೊಟ್ಟು ನಿಲ್ಲಿಸುತ್ತಾರೆ. ತಾತ್ಕಾಲಿಕವೆಂದು ನಿಲ್ಲಿಸಿದ ಟೇಕಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಮಕ್ಕಳು ಅದನ್ನು ಹಿಡಿದು ಆಡಿ, ಕೊನೆಗೆ ಅದು ಮನೆಯದೇ ಒಂದು ಭಾಗವಾಗಿಬಿಡುತ್ತದೆ. ಇಲ್ಲಿ ಹಾನಿಗೆ ಕಾರಣ ಯಾರು? ಬಾಡಿಗೆದಾರನ ನೀರು ಎಂದು ಮಾಲಕನೂ, ಮಾಲಕನ ಉದಾಸೀನವೆಂದು ಬಾಡಿಗೆದಾರನೂ ಹೇಳಬಹುದು, ಎರಡೂ ಸುಳ್ಳಲ್ಲ. ಅದರ ಮೇಲೆ ಕೆಳಗಿನ ಖೋಲಿಯವನು ಮೇಲಿನವನ ಮೇಲೆ ದೂರುತ್ತಾನೆ. ಮಾಲಕನೊಡನೆ ನಡೆಯುವ ವ್ಯಾಜ್ಯದೊಳಗೇ ಹೀಗೆ ನೆರೆಯವರ ವ್ಯಾಜ್ಯವೂ ಅಡಗಿರುತ್ತದೆ.

ಬಾಡಿಗೆಯ ನಿಯಂತ್ರಣ ಯುದ್ಧದೊಡನೆ ಬಂದಿತು. 1918ರಲ್ಲಿ ಒಂದು ಕಾಯಿದೆಯಾಯಿತು. ಅದರ ಅವಧಿ ಮುಗಿದ ಮೇಲೆ ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ 1939 ಮತ್ತು 1944ರಲ್ಲಿ ಮತ್ತೆರಡು. ಬಳಿಕ 1947ರ ಬಾಡಿಗೆ ಕಾಯಿದೆ. ಈ ಕೊನೆಯದು ತಾತ್ಕಾಲಿಕವೆಂದು ಹುಟ್ಟಿ, ಅವಧಿ ವಿಸ್ತರಣೆಯ ಮೇಲೆ ವಿಸ್ತರಣೆ ಪಡೆದು ಅರ್ಧಶತಮಾನ ಬಾಳಿತು. 1940ರ ಸೆಪ್ಟೆಂಬರ್ 1ರಂದು ಯಾವ ಬಾಡಿಗೆಯಿತ್ತೋ ಅದೇ ‘ಸ್ಟ್ಯಾಂಡರ್ಡ್ ರೆಂಟ್’ ಎನಿಸಿಕೊಂಡಿತು. ಅದೇ ಕಾಯಿದೆಯ 23ನೆಯ ಕಲಮು ಕಟ್ಟಡವನ್ನು ವಾಸಯೋಗ್ಯ ಸ್ಥಿತಿಯಲ್ಲಿಡುವುದು ಮಾಲಕನ ಕರ್ತವ್ಯವೆಂದು ಸ್ಪಷ್ಟವಾಗಿ ವಿಧಿಸಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ, ಮಾಲಕನು ದುರಸ್ತಿಗೆ ಬದ್ಧನಾಗಿದ್ದರೆ ಮಾತ್ರ ಬಾಡಿಗೆದಾರನು ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದಿತ್ತು; 1947ರಲ್ಲಿ, ಬಾಡಿಗೆದಾರನು ವಿರುದ್ಧವಾದ ಕರಾರು ಮಾಡಿಕೊಂಡಿರದಿದ್ದರೆ, ಆ ಬದ್ಧತೆ ಕಾಯಿದೆಯೇ ವಿಧಿಸಿದ ಕರ್ತವ್ಯವಾಯಿತು. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಲೆಕ್ಕ ಹಾಕಿ ನೋಡಬೇಕು. ಈ ಪರಿಹಾರ 1999ರ ಕಾಯಿದೆಯ 14ನೆಯ ಕಲಮಿನಲ್ಲಿಯೂ ಉಳಿದುಬಂದಿದೆ: ಮಾಲಕನಿಗೆ ಹದಿನೈದು ದಿನಗಳಿಗೆ ಕಡಿಮೆಯಿಲ್ಲದ ನೋಟೀಸು ಕೊಟ್ಟು, ಅವನು ಅಲಕ್ಷಿಸಿದರೆ ಬಾಡಿಗೆದಾರನೇ ದುರಸ್ತಿ ಮಾಡಿಸಬಹುದು, ಆದರೆ ಒಂದು ವರ್ಷದಲ್ಲಿ ಮುರಿದುಕೊಳ್ಳಬಹುದಾದ ಮೊತ್ತ ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗವನ್ನು ಮೀರುವಂತಿಲ್ಲ. ಉದಾಹರಣೆಗೆ ತಿಂಗಳಿಗೆ 10 ರೂಪಾಯಿ ಬಾಡಿಗೆಯ ಖೋಲಿಯೊಂದನ್ನು ಕಲ್ಪಿಸಿಕೊಳ್ಳೋಣ. ವರ್ಷಕ್ಕೆ 120 ರೂಪಾಯಿ. ಮುರಿದುಕೊಳ್ಳಲು ಸಿಕ್ಕುವುದು 30 ರೂಪಾಯಿ. ಇಂತಹ ಇಪ್ಪತ್ತು ಖೋಲಿಗಳವರು ಒಗ್ಗಟ್ಟಾದರೂ 600 ರೂಪಾಯಿ. ಅಷ್ಟರಲ್ಲಿ ಕೊಳೆತ ಒಂದು ತೊಲೆಯನ್ನು ಬದಲಿಸುವುದು ಕಾಲ ಕಳೆದಂತೆ ಅಸಾಧ್ಯವಾಯಿತು. ಮಾಲಕನ ಲೆಕ್ಕವೂ ಇದಕ್ಕಿಂತ ಭಿನ್ನವಲ್ಲ: ಬರುವುದು ವರ್ಷಕ್ಕೆ 2,400, ಅದರಲ್ಲಿ ತೆರಿಗೆ ಹೋಗಬೇಕು. ಕಾಯಿದೆಯು ಕರ್ತವ್ಯವನ್ನು ಉಳಿಸಿ ಅದರ ಆದಾಯದ ಮೂಲವನ್ನು ಒಣಗಿಸಿತು. ಶಾಸನದ ದಾನಿಯು ಎಂದೂ ಹೀಗೆ ಮಾಡಿದವನಲ್ಲ.

ಈ ಹಂತದವರೆಗೆ ವ್ಯಾಜ್ಯದ ಪಾತ್ರಗಳು ಹಳೆಯವೇ. ಬಾಡಿಗೆದಾರನು ತೊಲೆ ಕೊಳೆತಿದೆಯೆನ್ನುತ್ತಾನೆ, ಮಾಲಕನು ಇನ್ನೂ ಹತ್ತು ವರ್ಷ ಬಾಳುತ್ತದೆಯೆನ್ನುತ್ತಾನೆ. ನಿವೇಶನದ ಬೆಲೆ ಏರಿದಂತೆ ಪಾತ್ರಗಳು ಬದಲಾದವು. ಬಾಡಿಗೆ ನಿಂತಲ್ಲಿಯೇ ನಿಂತಿತು, ಕಟ್ಟಡದ ಕೆಳಗಿನ ನೆಲಕ್ಕೆ ಮಾತ್ರ ಬಂಗಾರದ ಬೆಲೆ ಬಂದಿತು. ಬಾಡಿಗೆದಾರನನ್ನು ಎಬ್ಬಿಸಲು ಕಾಯಿದೆ ಬಿಡುವುದಿಲ್ಲ. ಆದರೆ ಕಟ್ಟಡವೇ ಇಲ್ಲವಾದರೆ? ಇತ್ತ ಬಾಡಿಗೆದಾರನ ಖೋಲಿಗೂ ಬೆಲೆ ಬಂದಿತ್ತು. ಪಗಡಿಯೆಂಬ ಮುಂಗಡ ಕೊಟ್ಟು ಹಕ್ಕನ್ನು ಪಡೆಯುವ ವ್ಯವಹಾರ ಕಾಯಿದೆಯ ಕಣ್ಣಿಗೆ ಅಪರಾಧವಾಗಿದ್ದರೂ ದಶಕಗಳ ಕಾಲ ನಡೆಯಿತು. 1999ರ ಕಾಯಿದೆ ಅದಕ್ಕೆ ಸಮ್ಮತಿಯಿತ್ತಿತು. ಊರಿನ ಗದ್ದೆಯನ್ನು ಅಡವಿಟ್ಟೋ ಚೀಟಿ ಎತ್ತಿಯೋ ಪಗಡಿ ಕೊಟ್ಟವನಿಗೆ ಖೋಲಿಯೇ ಬಂಡವಾಳ. ಅದರ ಗೋಡೆ ಬಿದ್ದರೆ ಬಂಡವಾಳವೇ ಬಿದ್ದಂತೆ. ಹೀಗಾಗಿ ಮೇಲಿನ ಸೂರು ತಲೆಯ ಮೇಲೆ ಬೀಳಬಹುದೆಂದು ಬಲ್ಲವನೂ ಅದನ್ನು ಗಟ್ಟಿಯೆಂದೇ ವಾದಿಸಬೇಕಾಯಿತು. ಇದನ್ನು ಹೊರಗಿನವರು ಮೊಂಡುತನವೆಂದು ಕರೆಯುವುದುಂಟು. ನಮ್ಮ ಅಭಿಪ್ರಾಯದಲ್ಲಿ ಇದು ಕಾಯಿದೆಯೇ ಕಲಿಸಿದ ಪಾಠ.

ಕಟ್ಟಡಗಳ ಕುಸಿತ ಹೆಚ್ಚಿದಾಗ ಸರಕಾರ 1968ರಲ್ಲಿ ಬೇಡೇಕರ್ ಸಮಿತಿಯನ್ನು ನೇಮಿಸಿತು. 1969ರಲ್ಲಿ ಕಟ್ಟಡಗಳ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯಿದೆ ಬಂದಿತು. ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳ ಮೇಲೆ ಸೆಸ್ ಎಂಬ ಉಪಕರವನ್ನು ವಿಧಿಸಿ, ಆ ಹಣದಿಂದ ಮಂಡಳಿಯೇ ಮುಖ್ಯ ದುರಸ್ತಿಗಳನ್ನು ನಡೆಸಬೇಕೆಂದಾಯಿತು. ಆಗ ಗುರುತಿಸಿದ ಸೆಸ್ ಕಟ್ಟಡಗಳು 19,642. ಅವುಗಳಲ್ಲಿ 1940ರ ಸೆಪ್ಟೆಂಬರಿಗೆ ಮುನ್ನ ಕಟ್ಟಿದ ‘ಎ’ ವರ್ಗದವು 16,502. 1950ರ ಅಂತ್ಯದವರೆಗಿನ ‘ಬಿ’ ವರ್ಗದವು 1,489. 1969ರ ಸೆಪ್ಟೆಂಬರಿನವರೆಗಿನ ‘ಸಿ’ ವರ್ಗದವು 1,651. ಬಾಡಿಗೆ ಹೆಪ್ಪುಗಟ್ಟಿದ ದಿನಾಂಕವೂ ‘ಎ’ ವರ್ಗದ ಗಡಿರೇಖೆಯೂ ಒಂದೇ ಎಂಬುದು ಗಮನಾರ್ಹ. 1977ರಲ್ಲಿ ಈ ಮಂಡಳಿ ‘ಮ್ಹಾಡಾ’ ಎಂಬ ವಸತಿ ಪ್ರಾಧಿಕಾರದೊಳಗೆ ಸೇರಿತು. ದುರಸ್ತಿಯ ಭಾರ ಹೀಗೆ ಮಾಲಕನಿಂದ ಕಳಚಿ, ಬಾಡಿಗೆದಾರನ ಉಪಕರದ ಮೂಲಕ ಸರಕಾರದ ಹೆಗಲಿಗೆ ಬಂದಿತು. ಪ್ರತಿ ಚದರ ಮೀಟರಿಗೆ ನಿಗದಿಯಾದ ವೆಚ್ಚದ ಮಿತಿಯನ್ನು ಮೀರಿದರೆ ಕಟ್ಟಡ ದುರಸ್ತಿಗೆ ಯೋಗ್ಯವಲ್ಲವೆಂದು ಸಾರಬಹುದಿತ್ತು; ಆಗ ವಾಸಿಗಳು ಸಂಕ್ರಮಣ ಶಿಬಿರಗಳಿಗೆ ಹೋಗಬೇಕು. ದೂರದ ಉಪನಗರದ ಶಿಬಿರಕ್ಕೆ ಹೋದವರು ದಶಕ ಕಳೆದರೂ ಹಿಂದಿರುಗದಿದ್ದುದನ್ನು ನೆರೆಯ ಚಾಳಿನವರು ಕಂಡಿದ್ದರು. ‘ತಾತ್ಕಾಲಿಕ’ ಎಂಬ ಶಬ್ದ ಅಲ್ಲಿಯೂ ತನ್ನ ಅರ್ಥವನ್ನು ಕಳೆದುಕೊಂಡಿತು.

ಮಾಲಕರ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅವರೆಲ್ಲರೂ ಧನಿಕರಲ್ಲ; ಅವಿಭಕ್ತ ಕುಟುಂಬಗಳೂ ಸಣ್ಣ ಧರ್ಮಸಂಸ್ಥೆಗಳೂ ಅವರಲ್ಲಿದ್ದವು. ಬಾಡಿಗೆಯ ಸ್ತಂಭನವನ್ನು ಪ್ರಶ್ನಿಸಿ ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1997ರ ಡಿಸೆಂಬರಿನ ತೀರ್ಪಿನಲ್ಲಿ ನ್ಯಾಯಾಲಯವು ಹಳೆಯ ಮಟ್ಟದಲ್ಲಿಯೇ ಬಾಡಿಗೆಯನ್ನು ಹಿಡಿದಿಡುವುದು ಕಾಲಾಂತರದಲ್ಲಿ ಅಸಮಂಜಸವಾಗಿದೆಯೆಂದು ಒಪ್ಪಿತು. ಕಾಯಿದೆಯ ಅವಧಿ ಕೆಲವೇ ತಿಂಗಳಲ್ಲಿ ಮುಗಿಯಲಿದ್ದುದರಿಂದ ಅದನ್ನು ರದ್ದುಗೊಳಿಸಲಿಲ್ಲ. ಈ ಪ್ರಸಿದ್ಧ ಪ್ರಕರಣದ ಶೀರ್ಷಿಕೆಯಲ್ಲಿಯೇ ಉಡುಪಿ ಬಳಿಯ ಮಲ್ಪೆಯ ಹೆಸರು ಸೇರಿರುವುದು ಕನ್ನಡ ಸಂಶೋಧಕರ ಗಮನಕ್ಕೆ ಬರಬೇಕು: ಮುಂಬಯಿಯ ಬಾಡಿಗೆ ವ್ಯಾಜ್ಯದಲ್ಲಿ ಕರಾವಳಿಯವರು ಕೇವಲ ಬಾಡಿಗೆದಾರರ ಸಾಲಿನಲ್ಲಿ ನಿಂತವರಲ್ಲ. 2000ದ ಮಾರ್ಚ್ 31ರಂದು ಜಾರಿಗೆ ಬಂದ ಹೊಸ ಕಾಯಿದೆ ವರ್ಷಕ್ಕೆ ಶೇಕಡಾ 4ರ ಹೆಚ್ಚಳವನ್ನು ಅನುಮತಿಸಿತು. ಹತ್ತು ರೂಪಾಯಿಯ ಮೇಲೆ ಶೇಕಡಾ 4 ಎಂದರೆ ನಲವತ್ತು ಪೈಸೆ.

ಅಷ್ಟರಲ್ಲಿ ಲಾಭದ ದಾರಿ ಬೇರೆಡೆ ತೆರೆದಿತ್ತು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 33(7)ನೆಯ ನಿಯಮದಂತೆ, ಸೆಸ್ ಕಟ್ಟಡವನ್ನು ಕೆಡಹಿ, ಹಳೆಯ ವಾಸಿಗಳಿಗೆ ಕನಿಷ್ಠ 225 ಚದರಡಿಯ ಮನೆ ಕೊಟ್ಟರೆ, ಹೆಚ್ಚಿನ ಅಂತಸ್ತುಗಳನ್ನು ಕಟ್ಟಿ ಮಾರುವ ಅವಕಾಶ ದೊರೆಯಿತು. ಇದಕ್ಕೆ ನೂರಕ್ಕೆ 70ರಷ್ಟು ವಾಸಿಗಳ ಒಪ್ಪಿಗೆ ಬೇಕಾಗಿತ್ತು. ಒಪ್ಪಿಗೆ ಸಿಕ್ಕದ ಕಡೆ ಕಟ್ಟಡ ಅಪಾಯಕಾರಿಯೆಂಬ ಇಂಜಿನಿಯರನ ವರದಿ ಬಹಳ ಉಪಯುಕ್ತವೆನಿಸಿತು. 1888ರ ಹಳೆಯ 354ನೆಯ ಕಲಮು ಮತ್ತೆ ಚಲಾವಣೆಗೆ ಬಂದಿತು. ಈ ಬಾರಿ ನೋಟೀಸನ್ನು ಬೇಡುತ್ತಿದ್ದವನು ಮಾಲಕ, ಎದುರಿಸುತ್ತಿದ್ದವನು ವಾಸಿ. ಒಂದೇ ಕಟ್ಟಡಕ್ಕೆ ಎರಡು ವರದಿಗಳು ಬರತೊಡಗಿದವು: ಮಾಲಕನ ಇಂಜಿನಿಯರನಿಗೆ ಬಿರುಕೇ ಕಾಣುವುದು, ಬಾಡಿಗೆದಾರರ ಇಂಜಿನಿಯರನಿಗೆ ಗಾರೆ ಮಾತ್ರ. 2014ರ ಜೂನಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಇದಕ್ಕೆ ಕ್ರಮವೊಂದನ್ನು ಗೊತ್ತುಮಾಡಿತು. ವರದಿಗಳು ಪರಸ್ಪರ ವಿರುದ್ಧವಾಗಿದ್ದರೆ ತಾಂತ್ರಿಕ ಸಲಹಾ ಸಮಿತಿಯ ಮುಂದಿಡಬೇಕು. ಕೆಡಹುವ ಮುನ್ನ ಪ್ರತಿಯೊಬ್ಬ ಬಾಡಿಗೆದಾರನ ಖೋಲಿಯ ಅಳತೆಯನ್ನು ದಾಖಲಿಸಬೇಕು. ನಮಗೆ ಹೆಚ್ಚು ಮಹತ್ವದ್ದೆನಿಸುವುದು ಈ ಎರಡನೆಯ ಅಂಶ.

ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಮೂಲಭೂತ ಪ್ರಶ್ನೆಯನ್ನು ತೀರ್ಮಾನಿಸಿತು. ಕಟ್ಟಡ ನಾಶವಾದರೆ ಬಾಡಿಗೆಯ ಹಕ್ಕೂ ನಾಶವಾಗುವುದೇ? ಕೇರಳದ ಪ್ರಕರಣವೊಂದರಲ್ಲಿ 2000ದಲ್ಲಿ ಹೌದೆಂಬ ಉತ್ತರ ಬಂದಿತ್ತು. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 2014ರಲ್ಲಿ ಅದು ತಿರುವುಮುರುವಾಯಿತು: ಕಟ್ಟಡವನ್ನು ಕೆಡಹಿದ ಮಾತ್ರಕ್ಕೆ ಬಾಡಿಗೆಯ ಹಕ್ಕು ಅಳಿಯುವುದಿಲ್ಲ. ನಡುವಿನ ಹದಿನಾಲ್ಕು ವರ್ಷ ಚಾಳಿನಲ್ಲಿದ್ದವನು ಏಕೆ ಕದಲಲಿಲ್ಲವೆಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ. ಕದಲದೆ ಉಳಿದವರು ತೆತ್ತ ಬೆಲೆಯೂ ದಾಖಲಾಗಿದೆ. ಭೇಂಡಿ ಬಜಾರಿನ ಹುಸೇನಿ ಕಟ್ಟಡ 2011ರಲ್ಲಿಯೇ ಅಪಾಯಕಾರಿಗಳ ಪಟ್ಟಿಗೆ ಸೇರಿತ್ತು. ಕೆಲವರು ತೆರಳಿದ್ದರು, ಕೆಲವರು ಉಳಿದಿದ್ದರು. 2017ರ ಆಗಸ್ಟ್ 31ರ ಬೆಳಗ್ಗೆ ಅದು ಕುಸಿದು 33 ಜನ ಸತ್ತರು.

ಇನ್ನು ಕನ್ನಡಿಗ ಬಾಡಿಗೆದಾರನ ಕಾಗದಪತ್ರಗಳ ಮಾತು. ಅವನ ಹಕ್ಕಿಗೆ ಆಧಾರವಾದ ಬಾಡಿಗೆಯ ಪಾವತಿ ಗುಜರಾತಿಯಲ್ಲಿಯೋ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತಿತ್ತು. ಅವನು ಊರಿಗೆ ಬರೆದ ಪತ್ರ ಕನ್ನಡದಲ್ಲಿ. ಪಾವತಿ ತಂದೆಯ ಹೆಸರಿನಲ್ಲೇ ಮುಂದುವರಿದು, ಮಗನು ವಾರಸುದಾರನೆಂದು ಸ್ಥಾಪಿಸಲು ಧೋಬಿ ತಲಾವಿನ ಲಘು ವ್ಯವಹಾರಗಳ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದಾಗ, ಖೋಲಿಯಲ್ಲಿ ಯಾರು ಯಾರು ವಾಸವಾಗಿದ್ದರು ಎಂಬುದೇ ವ್ಯಾಜ್ಯದ ಕೇಂದ್ರವಾಗುತ್ತದೆ. ರೇಷನ್ ಕಾರ್ಡು, ಶಾಲೆಯ ದಾಖಲೆ, ಊರಿನಿಂದ ಬಂದ ಅಂಚೆಕಾರ್ಡಿನ ಮೇಲಿನ ವಿಳಾಸ ಇವೆಲ್ಲ ಸಾಕ್ಷ್ಯವೆನಿಸಬಹುದು. ವಲಸೆಯ ಇತಿಹಾಸಕಾರನಿಗೆ ಬೇಕಾದುದೂ ಇವೇ. ಚಾಳು ಕೆಡಹುವ ದಿನ ಹೊಸ ಮನೆಗೆ ಹೋಗುವ ಕುಟುಂಬ ಹಳೆಯ ಟ್ರಂಕನ್ನು ಒಯ್ಯುವುದಿಲ್ಲ. ಆದುದರಿಂದ ಹೊರನಾಡಿನ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಸ್ಮರಣ ಸಂಚಿಕೆಗಳನ್ನು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ ಈ ಪಾವತಿ ಪುಸ್ತಕಗಳನ್ನೂ ನೋಟೀಸುಗಳನ್ನೂ ಪ್ರತಿ ಮಾಡಿಸಿಡುವುದು ಸೂಕ್ತ. ಹೈದರಾಬಾದು, ಚೆನ್ನೈ, ಪುಣೆಗಳಲ್ಲಿ ಬಾಡಿಗೆಯ ಕಾಯಿದೆಗಳು ಬೇರೆಯಾದರೂ ಟ್ರಂಕಿನ ಸ್ಥಿತಿ ಒಂದೇ.

ಕೊನೆಯದಾಗಿ 1986ರ ತಿದ್ದುಪಡಿಯ ವಿಚಾರ. ಮ್ಹಾಡಾ ಕಾಯಿದೆಗೆ ಸೇರಿಸಿದ 8-ಎ ಅಧ್ಯಾಯದ ಪ್ರಕಾರ, ಸೆಸ್ ಕಟ್ಟಡದ ಬಾಡಿಗೆದಾರರು ಸಹಕಾರ ಸಂಘ ಕಟ್ಟಿಕೊಂಡು, ಮಾಸಿಕ ಬಾಡಿಗೆಯ ನೂರುಪಟ್ಟನ್ನು ಪರಿಹಾರವಾಗಿ ತೆತ್ತು ಕಟ್ಟಡವನ್ನು ತಮ್ಮದಾಗಿಸಿಕೊಳ್ಳಬಹುದು. ಮಾಲಕರ ಸಂಘ ಇದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯದಲ್ಲಿ ಸೋತು, 1992ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಖಾಸಗಿ ಕಟ್ಟಡವು ಸಂವಿಧಾನದ 39(ಬಿ) ವಿಧಿಯಲ್ಲಿ ಹೇಳಿರುವ ‘ಸಮುದಾಯದ ಭೌತಿಕ ಸಂಪನ್ಮೂಲ’ವೇ ಎಂಬುದು ಪ್ರಶ್ನೆ. ಖಾಸಗಿ ಸ್ವತ್ತೂ ಅದರಲ್ಲಿ ಸೇರುತ್ತದೆಂಬ ವಿಶಾಲ ವ್ಯಾಖ್ಯಾನವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಮುಂದಿಟ್ಟದ್ದು 1977ರಲ್ಲಿ, ಕರ್ನಾಟಕ ಸರಕಾರ ಖಾಸಗಿ ಬಸ್ಸುಗಳನ್ನು ಸ್ವಾಧೀನಪಡಿಸಿಕೊಂಡ ಪ್ರಕರಣದಲ್ಲಿ. ಕರ್ನಾಟಕದ ಬಸ್ಸಿನ ವಿಷಯದಲ್ಲಿ ಆಡಿದ ಮಾತು ಮುಂಬಯಿಯ ಚಾಳಿನ ಭವಿಷ್ಯಕ್ಕೆ ತಳಕುಹಾಕಿಕೊಂಡಿತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಆ ವಿಶಾಲ ವ್ಯಾಖ್ಯಾನವನ್ನು ಒಪ್ಪಲಿಲ್ಲ. ಎಲ್ಲ ಖಾಸಗಿ ಸ್ವತ್ತೂ ಸಮುದಾಯದ ಸಂಪನ್ಮೂಲವಾಗದು, ಕೆಲವು ಆಗಬಹುದು ಎಂದಿತು. ಆದರೆ ಆ ಪೀಠ ಉತ್ತರಿಸಿದ್ದು ತನ್ನ ಮುಂದಿಟ್ಟ ಸಂವಿಧಾನದ ಪ್ರಶ್ನೆಗಳಿಗೆ ಮಾತ್ರ. 8-ಎ ಅಧ್ಯಾಯ ನಿಲ್ಲುವುದೋ ಬೀಳುವುದೋ ಎಂಬ ಮೂಲ ವ್ಯಾಜ್ಯವನ್ನು, ಅದು ದಾಖಲಾದ ಮೂವತ್ತೆರಡು ವರ್ಷಗಳ ಬಳಿಕ, ಸೂಕ್ತ ಪೀಠದ ವಿಚಾರಣೆಗೆ ಬಿಡಲಾಯಿತು.